ತತ್ತಿ ತುಂಬಿದ ಮೀನು

ಅತ್ತೀ, ನಿಮ್ಮ ಪಾದಕ್ಕ ಸೊಸಿ ಮಾಡೂ ನಮಸ್ಕಾರ.

ಕಟಕೋಳದ ಒಣಭೂಮಿಯೊಳಗ ಬೆಳದಾಕಿ ನಾನು. ಸವದತ್ತಿ ಹಿನ್ನೀರಿನ ದಂಡಿಗೆ ಲಗ್ನ ಆಗಿ ಬಂದ ಮೊದಲ ವಾರನ ನೀವು ನನ್ನ ಹರಗೋಲದಾಗ ಕುಂಡ್ರಿಸಿಕೊಂಡು ನಡುನೀರಿಗೆ ಹೋದ್ರಿ, ನೆನಪೈತೇನ್ರಿ? ನಾನು ಅಂಜಿ ನಿಮ್ಮ ಸೆರಗು ಬಿಡಲೇ ಇಲ್ಲ. ಥಂಡಿಯೊಳಗ ಮೀನು ಆಳಕ್ಕ ಇಳೀತಾವ, ಬ್ಯಾಸಗ್ಯಾಗ ನೀರು ಹಿಂದ ಸರದ ಮ್ಯಾಲೆ ಆ ಹಸಿ ಮಣ್ಣಾಗ ಸೌತಿಬೀಜ ಊರಬೇಕು ಅಂತ ಹುಟ್ಟು ಹಾಕಕೋತನ ಹೇಳಿಕೊಟ್ರಿ.

ಮಿರಗದ ಮಳಿಯಾಗಿ ಹಳ್ಳಕ್ಕ ಕೆಂಪನ ಹೊಸನೀರು ಬಂತಂದ್ರ ಮಾತ್ರ ನೀವು ಮೀನಿನ ಬಲಿ ತಗದು ಗೂಟಕ್ಕ ಹಾಕತಿದ್ರಿ. ತತ್ತಿ ಇಡಾಕ ಮೀನು ಹಳ್ಳ ಏರೂ ಹೊತ್ತದು. ಆಗ ನಾವು ಬ್ಯಾರೇದವರ ಹೊಲದಾಗ ಕೂಲಿ ಮಾಡತಿದ್ವಿ, ಒಣಮೀನಿನ ಸಾರಿನ ಮ್ಯಾಲೆ ದಿನ ದೂಡತಿದ್ವಿ. ಮೀನು ಕಾಲಿಗೆ ತಾಕಿದರೂ ನೀವು ಕೈ ಹಾಕತಿರಲಿಲ್ಲ, ನಮಗೂ ಹಾಕಗೊಡತಿರಲಿಲ್ಲ.

ಹ್ವಾದ ವರ್ಷ ಅದ ಮಳಿಯೊಳಗ ಹಾಸಿಗಿ ಹಿಡದ್ರಿ. ಗಂಜೀನೂ ಗಂಟಲಾಗ ಇಳೀಲಿಲ್ಲ. ಮೀನಿನ ಸಾರಾದ್ರೂ ನಾಲ್ಕು ತುತ್ತು ಉಂಡೀರಿ ಅಂತ ನಾನು ಒಬ್ಬಾಕಿನ ಹೋಗಿ, ಹಳ್ಳದ ಬಾಯಿಗೆ ಬಲಿ ಹಾಕಿ ಒಂದ ಮೀನು ತಂದೆ. ಕೊಯ್ದರ ಹೊಟ್ಟಿ ತುಂಬ ತತ್ತಿ. ನಾನು ಮುಚ್ಚೂದರಾಗ ನೀವು ಮಲಗಿದಲ್ಲಿಂದನ ನೋಡಿಬಿಟ್ರಿ.

"ಇದನ್ನ ಯಾರು ಹಿಡದ್ರು?" ಅಂದ್ರಿ.

ಬಾಗಲದಾಗ ನಿಂತಿದ್ದ ನಿಮ್ಮ ಮಗ, "ನಾನ ಹಿಡದೇನವ್ವಾ" ಅಂದ್ರು.

ನೀವು ಗ್ವಾಡಿ ಕಡೆ ಮಾರಿ ಹೊಳ್ಳಿಸಿದ್ರಿ. ಮೂರು ದಿನ ನಿಮ್ಮ ಮಗ ತಂದ ನೀರು ಮುಟ್ಟಲಿಲ್ಲ, ನನ್ನ ಕೈಲೆನ ಕುಡದ್ರಿ. ಆ ಒಂದೊಂದು ಗುಟುಕಿಗೂ ನನ್ನ ಜೀವ... ಸ್ವಲ್ಪ ಆರಾಮಾಗಲಿ, ನಾಳೆ ಹೇಳೂಣು ಅಂದ್ಕೊಂಡೆ. ನಾಲ್ಕನೇ ದಿನ ನೀವ ಇರಲಿಲ್ಲ. ಅವರು ನಿಮ್ಮ ಕಾಲು ಹಿಡಕೊಂಡು ಕುಂತಿದ್ರು. ನನಗ ಒಂದು ಮಾತು ಅನ್ನಲಿಲ್ಲ. ಬೈದಿದ್ದರ ಚಲೋ ಆಗತಿತ್ತಲ್ಲೇನ್ರಿ?

ಮೊನ್ನೆ ನಿಮ್ಮ ವರ್ಷದ ಎಡಿ ಇತ್ತು. ದಂಡಿಯವರೆಲ್ಲ ಕೂಡಿದ್ರು. ಹೆತ್ತವ್ವನ ಮಾತು ಮೀರಿದ ಮಗ ಅಂತ, ಆ ಮೀನಿನ ಸುದ್ದಿ ಗೊತ್ತಿದ್ದ ನಿಮ್ಮ ತಂಗಿ ಎಲ್ಲಾರ ಮುಂದ ಅವರನ್ನ ಅಂದ್ರು. ಅವರು ತಲಿ ತಗ್ಗಿಸಿದ್ರು. ನಾನು ಎದ್ದು ನಿಂತೆ.

"ಬಲಿ ಹಾಕಿದಾಕಿ ನಾನು. ಆ ಮುಂಜಾನಿ ಅವರು ಇನ್ನೂ ಎದ್ದಿರಲಿಲ್ಲ" ಅಂದೆ.

ಅವರು ಹೊರಗ ಹೋದ್ರು. ಬೆನ್ನ ಹಿಂದ ನಾನೂ ಹೋದೆ. ನೀವು ಹೋದಾಗ ಬರದಿದ್ದ ಅಳು ಅವತ್ತು ಅವರಿಗೆ ಬಂತು. "ಅವ್ವನ ಮುಂದ ಹೇಳಬೇಕಾಗಿತ್ತಲ್ಲ" ಅಂದ್ರು, ಅಷ್ಟ.

ಅದಕ್ಕ ಹೇಳಾಕತ್ತೇನ್ರಿ, ಅತ್ತೀ. ನಿಮ್ಮ ಮಗ ನಿಮ್ಮ ಮಾತು ಮೀರಲಿಲ್ಲ.