ಹೆಸರು ಹೇಳುವ ಶಾಸ್ತ್ರ

ಮಾನ್ಯ ಸಭಿಕರೇ! ಸಭಿಕರೆಂದರೆ ದೊಡ್ಡಬಳ್ಳಾಪುರದ ನೀನೊಬ್ಬನೇ, ಬೀರೇಶ. ನಿನಗೂ ಈ ಪತ್ರ ತಲುಪದು, ನಾನಿದನ್ನು ಕಳಿಸುವುದಿಲ್ಲ.

ಈ ಟೊರಾಂಟೊಗೆ ಬಂದಮೇಲೆ ನಿನ್ನೆ ಮೊದಲ ಸಲ ಲೈಬ್ರರಿಯೊಂದರಲ್ಲಿ ಪದ್ಯ ಓದಿದೆ. ಕೇಳುಗರಿಗಿಂತ ಕುರ್ಚಿಗಳೇ ಹೆಚ್ಚು. ನಮ್ಮೂರ ಮದುವೆಯಲ್ಲಿ ಹುಡುಗಿ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳಬೇಕು, ಆ ಪ್ರಾಸ ಬರೆದುಕೊಡುತ್ತಿದ್ದವನು ನಾನು ಎಂದೆ. ಒಂದು ಹೇಳಿ ಎಂದರು. ನಿನ್ನ ಮದುವೆಯಲ್ಲಿ ಯಶಸ್ವಿನಿ ಹೇಳಿದ್ದನ್ನೇ ಹೇಳಿ, ಇಂಗ್ಲಿಷಿನಲ್ಲಿ ಅರ್ಥವನ್ನೂ ಬಿಡಿಸಿದೆ:

ಮಾಕಳಿದುರ್ಗಕ್ಕೆ ಮಂಜಿನ ವೇಷ,
ಮನಸಿನ ತುಂಬ ನಮ್ಮ ಬೀರೇಶ.

ಆವತ್ತು ಮಂಟಪದಲ್ಲೇ ನೀನು, “ಲೇ, ಚೆನ್ನಾಗ್ ಕಟ್ಟಿದ್ದೀಯ ಕಣೋ! ನಿಂದ್ಯಾವಾಗ್ಲಾ ಮದ್ವೆ?” ಎಂದು ನಕ್ಕಿದ್ದೆ.

ನಿನ್ನೆ ಮುಂದಿನ ಸಾಲಿನ ಅಜ್ಜಿಯೊಬ್ಬರು, ಹವಾಮಾನ ವಿಚಾರಿಸುವಷ್ಟು ಸಲೀಸಾಗಿ, “ಬೀರೇಶ ನಿಮ್ಮ ಗಂಡನಾ?” ಎಂದು ಕೇಳಿದರು. ಗೆಳೆಯ ಎಂದೆ.

ಅದನ್ನು ಯಶಸ್ವಿನಿಗೆಂದು ಕಟ್ಟಿರಲಿಲ್ಲ ಕಣೋ. ನಾನೇ ಹೇಳಬೇಕೆಂದು ಕಟ್ಟಿದ್ದೆ.