ಪಾಪಮ್ಮನ ಕಂಬಳಿ

೨ ಮಾರ್ಚ್ ೧೯೭೦, ಸೋಮವಾರ

ಮತ್ತೆ ಬಸ್ ತಡ. ಭಾನುವಾರದ ರಜೆ ಕಳೆದು ಓಮಲೂರಿನಿಂದ ನಿಂತೇ ಬಂದೆ. ಅಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು — ಇನ್ನು ಹಾಗೆನ್ನಬಾರದು, ಅಸೆಂಬ್ಲಿ. ಹೆಡ್ಮಾಸ್ಟರ್ ಶಿವಲಿಂಗಂ ಅವರ ಹೊಸ ಆರ್ಡರ್: ಈ ಶಾಲೆಯಲ್ಲಿ ಯಾರ ಮೈಮೇಲೂ ಧರ್ಮದ ಗುರುತು ಇರಕೂಡದು. ನಾಮ, ವಿಭೂತಿ, ತಾಯಿತ, ಟೋಪಿ, ಯಾವುದೂ. ದೇವರಿಲ್ಲ ಎನ್ನುವ ಚಳುವಳಿಗೆ ಸೇರಿದ ದಿನದಿಂದ ನಾನು ಕೇಳಿದ್ದು ಇದನ್ನೇ. ಮೇಜಿನ ಮೇಲೆ ತಟ್ಟೆ ಇಟ್ಟಿದ್ದರು. ಮಕ್ಕಳು ಬಿಚ್ಚಿ ಬಿಚ್ಚಿ ಹಾಕಿದರು. ಖುಷಿಯಾಯಿತು. ಸುಳ್ಳು ಯಾಕೆ?

ಹೆಡ್ಮಾಸ್ಟರು ತಮ್ಮ ಹೆಸರನ್ನು ಯಾವ ತಟ್ಟೆಗೆ ಹಾಕುತ್ತಾರೋ ಎಂದಳು ಹೊಲಿಗೆ ಟೀಚರ್ ಮಂಗಮ್ಮ. ನಕ್ಕೆವು.

ಊರ ಪಟೇಲ ಮಣಿಯಗಾರರ ಮಗನ ತಾಯಿತ ಮಾತ್ರ ತಟ್ಟೆಗೆ ಬೀಳಲಿಲ್ಲ. ಚಿನ್ನದ್ದು. ಅದು ಒಡವೆಯಂತೆ, ಧರ್ಮವಲ್ಲವಂತೆ.

೫ ಮಾರ್ಚ್

ಎಂಟನೇ ಕ್ಲಾಸಿನ ಪಾಪಮ್ಮ ಈ ಬಿಸಿಲಲ್ಲೂ ಕಂಬಳಿ ಹೊದ್ದು ಕೂರುತ್ತಾಳೆ. ಕುರಿ ಮೇಯಿಸುವ ಮನೆ. ನನ್ನದೇ ಜನ, ಈ ತಮಿಳು ಸೀಮೆಯಲ್ಲಿ ಕನ್ನಡದವರು. ಅವರ ಹಟ್ಟಿಯಲ್ಲಿ ಎಂಟರ ತನಕ ಓದಿದ ಮೊದಲ ಹೆಣ್ಣು. ಏಪ್ರಿಲ್ ಆರಕ್ಕೆ ಸರ್ಕಾರಿ ಪರೀಕ್ಷೆ. ಪಾಸಾದರೆ ಧರ್ಮಪುರಿ ಹಾಸ್ಟೆಲ್. ಇಲ್ಲವಾದರೆ ಮದುವೆ — ಅವಳ ತಾತ ಅಣ್ಣಯ್ಯಪ್ಪ ನನ್ನೆದುರೇ ಹೇಳಿದ್ದು.

ಒಬ್ಬಳೇ ಇದ್ದಾಗ ಕೇಳಿದೆ, ಸೆಖೆಯಾಗಲ್ಲವಾ? ಕಂಬಳಿ ಸರಿಸಿ ಬೆನ್ನು ತೋರಿಸಿದಳು. ರವಿಕೆ ಉದ್ದಕ್ಕೂ ಹರಿದಿದೆ. ಇರುವುದು ಅದೊಂದೇ. ನನ್ನ ಹಳೆ ಸೀರೆಯಲ್ಲಿ ಒಂದು ಹೊಲಿದು ಕೊಡುತ್ತೇನೆ ಎಂದೆ.

೧೮ ಮಾರ್ಚ್

ರವಿಕೆಗೆ ಒಂದು ತೋಳು ಬಾಕಿ. ಎಡಪ್ಪಾಡಿಯಲ್ಲಿ ನೇಕಾರರ ನಡುವೆ ಚಳುವಳಿಯ ಮೀಟಿಂಗ್ ಇತ್ತು. ನನಗೂ ಮೈಕ್ ಕೊಟ್ಟರು. ನಮ್ಮ ಜನ ಕಂಬಳಿ ಹಾಸಿ ಅದಕ್ಕೇ ಅಡ್ಡ ಬೀಳುತ್ತಾರೆ, ಅದರ ಮುಂದೆ ಆಣೆ ಇಡುತ್ತಾರೆ, ಕುರಿಯ ಕೂದಲನ್ನೂ ದೇವರು ಮಾಡಿದವರು ಎಂದೆ. ಚಪ್ಪಾಳೆ. ಶಿವಲಿಂಗಂ ಮುಂದಿನ ಸಾಲಿನಲ್ಲಿದ್ದರು.

೨೦ ಮಾರ್ಚ್, ಸಂಜೆ

ಸಿಟ್ಟು ಇನ್ನೂ ಇಳಿದಿಲ್ಲ.

ಹೆಡ್ಮಾಸ್ಟರ್ ನನ್ನ ಕ್ಲಾಸಿಗೆ ಬಂದು ಪಾಪಮ್ಮನಿಗೆ ಕಂಬಳಿ ತೆಗೆ ಎಂದರು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಎಳೆದರು. ಬೆನ್ನು ಬಯಲಾಯಿತು. ಗಂಡುಹುಡುಗರು ನಕ್ಕರು. ಮಣಿಯಗಾರರ ಮಗ ಕತ್ತಿನ ತಾಯಿತ ಕುಣಿಯುವಷ್ಟು ನಕ್ಕ. ಹುಡುಗಿ ಕಂಬಳಿ ಕಿತ್ತುಕೊಂಡು ಓಡಿದಳು. ಪುಸ್ತಕ ಬೆಂಚಿನ ಮೇಲೇ...

ಆಫೀಸಿಗೆ ನುಗ್ಗಿದೆ. ಅದು ಬಟ್ಟೆ ಸಾರ್, ಮಾನ ಮುಚ್ಚುವ ಬಟ್ಟೆ ಎಂದೆ. ತಮಿಳಲ್ಲಿ ತಣ್ಣಗೆ ಅಂದರು: "ಕಂಬಳಿ ಸಾಮಿನ್ನು ಸೊನ್ನದು ನೀಂಗದಾನೇ, ಟೀಚರ್?"

ಕಂಬಳಿ ದೇವರು ಎಂದವಳು ನಾನೇ. ಹೌದು. ನಾವು ಕೇಳಿದ್ದು ಗೋಡೆಯ ದೇವರ ಪಟ ಇಳಿಸಿ ಎಂದು. ಇವರು ಇಳಿಸಿದ್ದು ಹರಕು ಬೆನ್ನಿನ ಬಟ್ಟೆ. ಅಧಿಕಾರದ ಕೈಗೆ ಯಾವ ಕತ್ತರಿ ಕೊಟ್ಟರೂ ಮೊದಲು ಕತ್ತರಿಸುವುದು ಬಡವರದ್ದನ್ನೇ.

೩೦ ಮಾರ್ಚ್

ರವಿಕೆ ಮುಗಿಯಿತು. ತೊಡುವವಳು ಬಂದಿಲ್ಲ. ಹಟ್ಟಿಗೆ ಹೋದೆ. ಕುರಿದೊಡ್ಡಿ ಗುಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಹಿರಿಯರು ಕಂಬಳಿ ಹಾಸಿ ಆಣೆ ಇಟ್ಟಿದ್ದಾರೆ. ಆ ಶಾಲೆಗೆ ಹಟ್ಟಿಯ ಮಕ್ಕಳು ಹೋಗಕೂಡದು. ಪರೀಕ್ಷೆ, ಹಾಸ್ಟೆಲ್ ಎಲ್ಲ ಹೇಳಿದೆ. ಅಣ್ಣಯ್ಯಪ್ಪ ಎಲೆ ಮೆಲ್ಲುತ್ತ ಕೇಳಿದ. ಕೊನೆಗೆ ಉಗುಳಿ ಅಂದ: "ಇಸ್ಕೂಲಿನೋರು ಯಾರಾನ ಬಂದು ಕಂಬಳಿಗೆ ಅಡ್ಡ ಬೀಳ್ಲಿ, ಆಣೆ ಬುಡ್ತೀವಿ. ನಿಮ್ಮ ಸಾರು ಬತ್ತಾನಾ? ಇಲ್ಲ ನೀನೇ ಬೀಳ್ತೀಯಾ, ಸಾಮಿ ಇಲ್ಲಾಂತ ಮೈಕಲ್ಲಿ ಕೂಗೋಳು?"

೩ ಏಪ್ರಿಲ್

ಶಿವಲಿಂಗಂ ಹಟ್ಟಿಗೆ ಬರುವುದಿಲ್ಲವಂತೆ. ರೂಲ್ಸ್ ಅಂದರೆ ರೂಲ್ಸಂತೆ. ಪರೀಕ್ಷೆಯ ದಿನ ಕಂಬಳಿ ತಡೆಯಲು ಗೇಟಿನಲ್ಲಿ ತಾವೇ ನಿಲ್ಲುತ್ತಾರಂತೆ.

೫ ಏಪ್ರಿಲ್, ಭಾನುವಾರ

ಬಿದ್ದೆ.

ಅಪ್ಪನ ಹೆಣಕ್ಕೆ ವಿಭೂತಿ ಹಚ್ಚಲು ಬಿಡದವಳು, ಹಟ್ಟಿಯವರೆಲ್ಲರ ಮುಂದೆ ಚಪ್ಪಲಿ ಬಿಟ್ಟು, ಹಾಸಿದ್ದ ಪಾಪಮ್ಮನ ಕಂಬಳಿಗೆ ಹಣೆ ಹಚ್ಚಿದೆ. ಉಣ್ಣೆ ಚುಚ್ಚಿತು. ಕುರಿಯ ವಾಸನೆ. ಅಪ್ಪನ ಹೆಗಲ ವಾಸನೆ. ಅಣ್ಣಯ್ಯಪ್ಪ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಪಾಪಮ್ಮ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ನಾಳೆ ಕಳಿಸುತ್ತಾರೆ. ಚಳುವಳಿಯವರು ಏನಾದರೂ ಅನ್ನಲಿ. ಒಂದು ಹುಡುಗಿ, ಒಂದು ಪರೀಕ್ಷೆ. ಅಷ್ಟೇ.

೬ ಏಪ್ರಿಲ್, ಬೆಳಗ್ಗೆ ಎಂಟು

ಪಾಪಮ್ಮ ನನ್ನ ಮನೆಗೇ ಬಂದಿದ್ದಾಳೆ. ತಲೆಗೆ ಎಣ್ಣೆ, ಕೈಯಲ್ಲಿ ಪೆನ್ನು, ಹೆಗಲ ಮೇಲೆ ಕಂಬಳಿ. ರವಿಕೆ ಕೊಟ್ಟೆ. ಒಳಗೆ ಹೋಗಿ ತೊಟ್ಟು ಬಂದಳು. ಅಳತೆ ಸರಿಯಾಗಿದೆ. ಮತ್ತೆ ಮೇಲೆ ಕಂಬಳಿ ಹೊದ್ದಳು. ಇನ್ನು ಅದು ಯಾಕೆ, ಇಲ್ಲೇ ಬಿಡು, ಗೇಟಿನಲ್ಲಿ ಹೆಡ್ಮಾಸ್ಟರ್ ಇರುತ್ತಾರೆ ಎಂದೆ.

"ಬುಡಾಕಾಗಲ್ಲಕ್ಕಾ. ನೀನೇ ಅಡ್ಡ ಬಿದ್ದೆಯಲ್ಲ. ನೀ ಬೀಳೋ ತಂಕ ನಂಗೂ ಇದು ಬರೀ ಕಂಬಳಿ."

ತಾತ ಹೇಳಿಕೊಟ್ಟನಾ ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಬೇಡಿದೆ. ಬೈದೆ. ನಾನು ಬಿದ್ದದ್ದು ನಾಟಕ ಕಣೇ... ಅನ್ನಲಾಗಲಿಲ್ಲ. ಹಾಗಂದುಬಿಟ್ಟರೆ ಹಟ್ಟಿಯ ಆಣೆ ಅವಳನ್ನು ಮತ್ತೆ ಕಟ್ಟಿಹಾಕುತ್ತದೆ.

ಒಂಬತ್ತೂವರೆಗೆ ಬೆಲ್. ಪೆಟ್ಟಿಗೆಯ ತಳದಲ್ಲಿ ಅಪ್ಪನ ಕಂಬಳಿ. ಹುಳು ತಿಂದಿದೆ. ಕೊಡವಿದೆ. ಇದನ್ನು ಹೊದ್ದು ನಾನು ಮುಂದೆ ನಡೆದರೆ ಹೆಡ್ಮಾಸ್ಟರ್ ಮೊದಲು ನನ್ನದನ್ನು ಎಳೆಯಬೇಕು. ಎಳೆಯಲಿ. ಕೆಲಸ ಹೋಗುತ್ತದೆ, ಹೋಗಲಿ. ಅಷ್ಟರಲ್ಲಿ ಅವಳು ಒಳಗೆ —

ಪಾಪಮ್ಮ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ. ಬಾಗಿಲಲ್ಲಿ