ಡೆಲ್ಮಾ ಹೇಳಿದ್ದು, ನಾನು ಟೈಪ್ ಮಾಡಿದ್ದು

ಮಾರ್ಚ್ 3, ಸೋಮವಾರ, ಬೆಳಿಗ್ಗೆ 10

ಮಾತ್ರೆ ಕೊಟ್ಟೆ. ಓಟ್ಸ್ ಗಂಜಿ ಅರ್ಧ ಬಿಟ್ಟರು. ಲಿಫ್ಟ್ ಇನ್ನೂ ಕೆಟ್ಟಿದೆ. ನಾನು ನೋಡಿಕೊಳ್ಳುವ ಫ್ರೆಂಚ್ ಲೇಖಕ ಡೆಲ್ಮಾ ಮೂರನೇ ಮಹಡಿಯಿಂದ ಇಳಿದು ಎರಡು ವಾರ. ನಾನೂ ಅಷ್ಟೇ — ಅವರೊಬ್ಬರನ್ನೇ ಬಿಡುವಂತಿಲ್ಲ. ಎಂಬತ್ತಾರು ವರ್ಷ. ಒಂದು ಕಾಲಕ್ಕೆ ಇವರ ಕಾದಂಬರಿ ಅಂದರೆ ಫ್ರಾನ್ಸಿನ ಮಂತ್ರಿಗಳೂ ನಡುಗುತ್ತಿದ್ದರಂತೆ, ಅಷ್ಟು ಗೇಲಿ. ಈಗ ಇವರ ಕೈ ನಡುಗುತ್ತದೆ. ಹೊಸ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಕುಂದಾಪುರದಲ್ಲಿ ಕಲಿತ ಟೈಪಿಂಗ್ ಲಂಡನ್ನಿನ ಎಜ್‌ವೇರ್‌ನಲ್ಲಿ ಉಪಯೋಗಕ್ಕೆ ಬಂತು.

ಮಾರ್ಚ್ 5

ನನ್ನನ್ನು ಕರೆತಂದ ಕೇರ್ ಏಜೆನ್ಸಿಯ ವೇಣುಗೋಪಾಲ ಬಂದಿದ್ದ. ರಜೆ ಕೇಳಿದೆ. ನಾಲ್ಕು ತಿಂಗಳಲ್ಲಿ ಒಂದು ದಿನವೂ ಸಿಕ್ಕಿಲ್ಲ. ಪಾಸ್‌ಪೋರ್ಟನ್ನೂ ಕೇಳಿದೆ.

"ಅದು ನನ್ನ ಹತ್ರ ಸೇಫಾಗಿದೆ, ಬಿಡಮ್ಮ. ನಿಮ್ಮ ವೀಸಾ ಇರೋದೇ ನಮ್ಮ ಸ್ಪಾನ್ಸರ್‌ಶಿಪ್ ಮೇಲೆ. ಜಾಸ್ತಿ ಮಾತಾಡಿದ್ರೆ ಫ್ಲೈಟ್ ಹತ್ತಬೇಕಾಗುತ್ತೆ."

ಡೆಲ್ಮಾ ಅವರಿಗೆ ಕನ್ನಡ ತಿಳಿಯದು. ನನ್ನ ಮುಖ ನೋಡುತ್ತಿದ್ದರು. ಅವನು ಹೋದ ಮೇಲೆ ಏನೆಂದು ಕೇಳಿದರು. ಹೇಳಬಾರದಿತ್ತು... ಹೇಳಿಬಿಟ್ಟೆ.

ಮಾರ್ಚ್ 6, ಮಧ್ಯಾಹ್ನ

ಡೆಲ್ಮಾ ಹೇಳಿದ ಇಂದಿನ ಪುಟದಲ್ಲಿ ಹೊಸ ಪಾತ್ರವೊಂದು ಬಂತು. ಮೂವತ್ತು ಹೆಂಗಸರ ಪಾಸ್‌ಪೋರ್ಟುಗಳನ್ನು ಬೀರುವಿನಲ್ಲಿಟ್ಟು, ದಿನಾ ಧೂಳು ಒರೆಸಿ, "ನಾನಿಲ್ಲದಿದ್ದರೆ ಇವರ ಗತಿಯೇನು" ಎಂದು ಕಣ್ಣೀರು ಹಾಕುವ ದಯಾಳು. ಟೈಪ್ ಮಾಡುತ್ತಾ ನಕ್ಕೆ. ಆಮೇಲೆ ಟೈಪ್ ಮಾಡುವುದನ್ನು ನಿಲ್ಲಿಸಿದೆ. ಪುಸ್ತಕವಾದರೆ ವೇಣುಗೋಪಾಲನಿಗೆ ತಿಳಿಯದೇ ಇರುತ್ತದೆಯೇ?

"ಇದನ್ನು ತೆಗೀರಿ, ಸರ್."

"ನನ್ನ ಹೆಂಡತಿಯೂ ಒಮ್ಮೆ ಹೀಗೇ ಕೇಳಿದ್ದಳು. ಅವಳ ಅಪ್ಪನ ಬಗ್ಗೆ ನಾನು ಬರೆದ ನಾಲ್ಕು ಸಾಲು. ತೆಗೆಯಲಿಲ್ಲ. ಊರೆಲ್ಲ ನಕ್ಕಿತು. ಅವಳು ಬಿಟ್ಟುಹೋದಳು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಗಿಸುವುದು ಸುಲಭ, ವೇದಾ. ಏಟು ಯಾರಿಗೆ ಬೀಳುತ್ತದೆ ಅಂತ ನಾನು ನೋಡಲೇ ಇಲ್ಲ. ಇದು ನಿನ್ನ ಬದುಕು. ಅಳಿಸು."

ಮಾರ್ಚ್ 11

ಆ ಪುಟ ಅಳಿಸಿಲ್ಲ. ಅವರಿಗೆ ಹೇಳಿಲ್ಲ. ಅವರು ಮಧ್ಯಾಹ್ನ ಮಲಗಿದಾಗ ದಿನಾ ತೆರೆದು ಓದುತ್ತೇನೆ.

ಮಗಳು ಸಾನ್ವಿ ಫೋನಿನಲ್ಲಿ, "ಅಮ್ಮಾ, ಲಂಡನ್ ಬ್ರಿಡ್ಜ್ ಕಂಡ್ಯಾ?" ಅಂದಳು. ಹೂಂ ಅಂದೆ. ಈ ಕಿಟಕಿಯಿಂದ ಕಾಣುವುದು ಬಸ್ ಸ್ಟಾಪ್. ಮನೆಯವರಿಗೆಲ್ಲ ಸುಳ್ಳೇ ಹೇಳಿದ್ದೇನೆ. ನಿಜ ಇರುವುದು ಆ ಒಂದು ಪುಟದಲ್ಲಿ.

ಮಾರ್ಚ್ 13, ಗುರುವಾರ, 11.40

ಡೆಲ್ಮಾ ಅವರನ್ನು ವಿಚಾರಿಸಲು ಕೌನ್ಸಿಲ್‌ನ ಸೋಶಿಯಲ್ ವರ್ಕರ್ ಹೆಲೆನ್ ಬಂದರು. ಲ್ಯಾಪ್‌ಟಾಪ್ ತೆರೆದು ಆ ಪುಟವನ್ನು ಹೆಲೆನ್ ಮುಂದಿಟ್ಟೆ. ಓದಿ ನಕ್ಕರು.

"ಚೆನ್ನಾಗಿದೆ. ಕಾದಂಬರಿಯಾ?"

"ಅಲ್ಲ. ಆ ಬೀರುವಿನಲ್ಲಿ ನಂದೂ ಪಾಸ್‌ಪೋರ್ಟ್ ಇದೆ."

ನಗು ನಿಂತಿತು. ಡೆಲ್ಮಾ ನನ್ನನ್ನೇ ನೋಡಿದರು. ಬೈಯಲಿಲ್ಲ. ಪಕ್ಕದ ಕುರ್ಚಿ ತೋರಿಸಿದರು. ಕೂತೆ.

ಹೆಲೆನ್ ಹೊರಗೆ ಯಾರೊಡನೆಯೋ ಫೋನಿನಲ್ಲಿದ್ದಾರೆ. ವೀಸಾ ಏನಾಗುತ್ತದೋ... ಬಂದರು. ದೂರು ಬರೆದುಕೊಳ್ಳಲು ಪೆನ್ನು ತೆಗೆದಿದ್ದಾರೆ. ನನ್ನ ಪೂರ್ತಿ ಹೆಸರು ಕೇಳು—